ನೀಲವ್ವನ ಕಣ್ಣಿನ ಪೊರೆ

ಇಳಕಲ್ಲಿನ ಸೀರೆ ಅಂಗಡಿಗಳಲ್ಲಿ ಕಷ್ಟ ಕೊಡುವವರು ಹೆಂಗಸರಲ್ಲ, ಅವರ ಜೊತೆಗೆ ಬರುವ ಗಂಡಸರು. ಹೆಂಡತಿ ಗಾದಿಯ ಮೇಲೆ ಕೂತು ಹೊಸ ಸೀರೆಯ ಸೆರಗು ಬಿಚ್ಚಿ ನೋಡುವಷ್ಟರಲ್ಲಿ ಗಂಡ ಬಾಗಿಲಲ್ಲಿ ನಿಂತು ‘ಆತೇನ? ಬಸ್ ಹೋಗ್ತೈತಿ’ ಅನ್ನುತ್ತಾನೆ. ವ್ಯಾಪಾರ ಅಲ್ಲಿಗೆ ಕೆಟ್ಟಿತು. ಈ ಗಂಡಸರ ಬಾಯಿ ಮುಚ್ಚಿಸಲಿಕ್ಕೆಂದೇ ಬಸಯ್ಯ ತನ್ನ ಅಂಗಡಿಯಲ್ಲಿ ಸಮುದ್ರದ ಮೀನುಗಳ ಗಾಜಿನ ತೊಟ್ಟಿ ಇಡಿಸಿದ. ಬಾಗಲಕೋಟೆಯಲ್ಲಿ ಮೀನಿನ ಅಂಗಡಿ ಇಟ್ಟ ಆಫ್ರೀನ ಬಂದು ಎಲ್ಲ ಜೋಡಿಸಿ ಹೋದಳು. ಗಂಡಸರು ಸುಮ್ಮನಾದರು.

ಸುಮ್ಮನಾಗದವಳು ಬಸಯ್ಯನ ತಾಯಿ ಗುರುಲಿಂಗವ್ವ. ‘ಜಂಗಮರ ಅಂಗಡ್ಯಾಗ ಮೀನ?’ ಎಂದು ಊಟ ಬಿಟ್ಟು ಕೂತಳು. ಮಗನ ಸಿಟ್ಟು ಅವಳಿಂದಲೇ ಬಂದದ್ದು, ಹಾಗಾಗಿ ಇಬ್ಬರ ಕೂಗಾಟ ಇಡೀ ಬಜಾರಕ್ಕೆ ಕೇಳಿಸಿತು. ಕೊನೆಗೆ ಒಂದು ಕರಾರಿನ ಮೇಲೆ ಒಪ್ಪಿದಳು.

‘ಇಟ್ಕೊ. ಆದ್ರ ನಿನ್ನ ಕೈಯಿಂದ ಒಂದ ಜೀವ ಹೋದ್ರೂ ಆವತ್ತ ತೊಟ್ಟಿ ಹೊರಗ.’

ಆಮೇಲೆ ಆದದ್ದೇ ಬೇರೆ. ಕಡುನೀಲಿ ಮೈಮೇಲೆ ಹಳದಿ ಗೆರೆ ಎಳೆದಂತಿದ್ದ ಅಗಲ ಮೀನೊಂದು ಅವಳ ಕಣ್ಣಿಗೆ ಬಿತ್ತು. ‘ಇದು ನಮ್ಮ ಸೀರಿ ಉಟ್ಕೊಂಡ ಬಂದೈತಲ್ಲೋ’ ಎಂದಳು. ಅದಕ್ಕೆ ನೀಲವ್ವ ಎಂದು ಹೆಸರಿಟ್ಟಳು. ಗಾದಿಯ ಮೇಲಿನ ತನ್ನ ಜಾಗವನ್ನೂ ತೊಟ್ಟಿಯ ಎದುರಿಗೆ ಬದಲಾಯಿಸಿಕೊಂಡಳು.

ಈಗ ಆ ನೀಲವ್ವನಿಗೇ ಬೇನೆ. ಮೈಯನ್ನು ಕಲ್ಲಿಗೆ ತಿಕ್ಕುತ್ತಿತ್ತು, ಮೂಲೆಯಲ್ಲಿ ನಿಂತು ತೇಕುತ್ತಿತ್ತು. ಕಣ್ಣು ಮಬ್ಬಾಗಿತ್ತು.

‘ಪೊರಿ ಬಂದೈತಿ. ನನಗ ಬಂದಿತ್ತಲ್ಲ, ಹಂಗ,’ ಎಂದಳು ಗುರುಲಿಂಗವ್ವ.

ಬಸಯ್ಯ ತನ್ನದೇ ಔಷಧ ಮಾಡಿದ. ತೊಟ್ಟಿಯ ನೀರು ಆರಿ ಕಡಿಮೆಯಾದಾಗ ಸೋಸಿದ ಸಿಹಿನೀರು ಹಾಕಬೇಕು ಎಂದು ಆಫ್ರೀನ ಹೇಳಿದ್ದಳು. ಈ ಹುಡುಗಿಗೆ ಏನೂ ತಿಳಿಯುವುದಿಲ್ಲ ಎಂದು ಅವನು ಮೊದಲಿನಿಂದಲೂ ಅಂಗಡಿಯ ಹಿಂದಿನ ಬೋರಿನ ನೀರು ಸುರಿಯುತ್ತಿದ್ದ. ಬೇಳೆ ಬೇಯದಂಥ ಸವಳು ನೀರು ಅದು. ಸಮುದ್ರದ ಮೀನಿಗೆ ತವರಿನ ನೀರಿದ್ದಂತೆ ಎಂದು ಅವನ ಲೆಕ್ಕ. ಬೇನೆ ಬಿದ್ದ ಮೇಲೆ ಅಡುಗೆ ಉಪ್ಪನ್ನೂ ಹಿಡಿ ಹಿಡಿ ಹಾಕಿದ. ನೀಲವ್ವ ಮೇವು ಬಿಟ್ಟಿತು. ಆಗ ಫೋನು ಮಾಡಿ ಆಫ್ರೀನಳಿಗೆ ಬೈದ.

ಅವಳು ಮೊದಲ ಬಸ್ಸಿಗೇ ಬಂದಳು. ಬಲ ಅಂಗೈಗೆ ಪಟ್ಟಿ ಕಟ್ಟಿಕೊಂಡಿದ್ದಳು. ನೀರಿನ ಉಪ್ಪು ಅಳೆದು ನೋಡಿ ಕೇಳಿದಳು, ‘ಕಾಕಾ, ಇದು ಮೀನಿನ ತೊಟ್ಟಿನೋ, ಉಪ್ಪಿನಕಾಯಿ ಭರಣಿನೋ?’

‘ನಗಬ್ಯಾಡ. ಏನಾಗೈತಿ ಹೇಳು.’

‘ನೀರು ಆರಿದ್ರೂ ಉಪ್ಪು ಅಲ್ಲೇ ಉಳೀತೈತ್ರಿ. ಅದರ ಮ್ಯಾಲ ನೀವು ಸವಳು ಸುರದೀರಿ. ಅದಕ್ಕ ಮೀನು ಸೋತೈತಿ, ಹುಳ ಬೆಳದಾವು. ಆಯಿ, ಅದು ಪೊರಿ ಅಲ್ರಿ. ಹುಳ.’

ಬಸಯ್ಯ ಚಾಳೀಸಿನ ಕನ್ನಡಕ ಹಾಕಿಕೊಂಡು ಗಾಜಿಗೆ ಮೂಗು ಹಚ್ಚಿದ. ‘ಎಲ್ಲಿ ಹುಳ? ನನಗೇನ ಕಣ್ಣಿಲ್ಲೇನು?’

‘ಗಾಜಿನಂಥಾ ಹುಳರಿ. ಮೈಗೆ ಅಂಟಿದ್ರ ಮೈ ಬಣ್ಣನ ಕಾಣ್ತೈತಿ. ಸಿಹಿನೀರಾಗ ಅದ್ದಿದ್ರ ಹೊರಗ ಬೀಳ್ತಾವು.’

‘ಸಮುದ್ರದ ಮೀನಾ ಸಿಹಿನೀರಾಗ? ಕೊಲ್ಲಾಕ ಬಂದೀಯೇನ ನೀ?’

‘ಸ್ವಲ್ಪ ಹೊತ್ತು ಮೀನು ತಡಕೊಳ್ತೈತಿ, ಹುಳ ತಡಕೊಳ್ಳೂದಿಲ್ಲ.’

‘ತಡಕೊಳ್ಳಲಿಲ್ಲಂದ್ರ?’

‘ಕೆಲವು ತಡಕೊಂಡಿಲ್ರಿ, ಸುಳ್ಳ ಯಾಕ ಹೇಳ್ಲಿ? ಆದ್ರ ಹಿಂಗ ಬಿಟ್ರ ಇದು ಉಳಿಯೂದಿಲ್ಲ.’

ಅವಳು ತಂದಿದ್ದ ಕಪ್ಪು ಪ್ಲಾಸ್ಟಿಕ್ ಬುಟ್ಟಿಗೆ ಸೋಸಿದ ನೀರು ಹಾಕಿ, ಬೆಚ್ಚಗೆ ಮಾಡಿ, ಚಿಟಿಕೆ ಅಡುಗೆ ಸೋಡಾ ಬೆರೆಸಿದಳು. ಬಸಯ್ಯ ಬಲೆ ಎತ್ತಿಕೊಂಡ.

‘ಬಲಿ ಬ್ಯಾಡ್ರಿ. ಇದರ ಗಲ್ಲದಾಗ ಮುಳ್ಳೈತಿ, ಸಿಕ್ಕೊಂಡ್ರ ಗಲ್ಲ ಹರೀತೈತಿ. ಕೈಯಿಂದ ಹಿಡೀಬೇಕು. ನನ್ನ ಕೈ ಗಾಜಿಗೆ ಹರದೈತಿ, ಈ ನೀರಾಗ ಹಾಕೂಹಂಗಿಲ್ಲ. ನೀವ ಹಿಡೀರಿ. ಎಡಗೈ ಕೆಳಗ, ಬಲಗೈ ಮ್ಯಾಲ.’

ಬಸಯ್ಯ ಈ ಜನ್ಮದಲ್ಲಿ ಮೀನು ಮುಟ್ಟಿದವನಲ್ಲ. ಅದರಲ್ಲೂ ಎಡಗೈ. ದಿನಾ ಮುಂಜಾನೆ ಜಳಕ ಮಾಡಿ, ಕೊರಳಿನ ಲಿಂಗ ಬಿಚ್ಚಿ ಇಟ್ಟುಕೊಂಡು ರೆಪ್ಪೆ ಬಡಿಯದೆ ನೋಡುವ ಅಂಗೈ ಅದು. ಗೆರೆಗಳಲ್ಲಿ ವಿಭೂತಿ ಇನ್ನೂ ಉಳಿದಿತ್ತು.

‘ಯವ್ವಾ, ಈ ಕೈಯಾಗ?’ ಎಂದ. ಅವನ ದನಿ ಅಷ್ಟು ಸಣ್ಣದಾದದ್ದನ್ನು ಬಜಾರದಲ್ಲಿ ಯಾರೂ ಕೇಳಿರಲಿಲ್ಲ.

ಗುರುಲಿಂಗವ್ವ ಮೀನಿನ ಮೇಲಿನ ಕಣ್ಣು ತೆಗೆಯಲಿಲ್ಲ. ‘ಅದು ಸಾಯಾಕ ಹತ್ತೈತಿ, ನೀ ಕೈ ನೋಡ್ಕೋತ ನಿಂತೀಯಲ್ಲೋ. ಹಿಡಿ.’

‘ಸತ್ರ?’

‘ಸತ್ರ ತೊಟ್ಟಿ ಹೊರಗ. ಮೊದಲ ಹಿಡಿ.’

ಅವನು ಚೊಕ್ಕ ನೀರಲ್ಲಿ ವಿಭೂತಿ ತೊಳೆದುಕೊಂಡು ತೊಟ್ಟಿಗೆ ಕೈ ಇಳಿಸಿದ. ಓಡಲಿಕ್ಕೂ ತ್ರಾಣವಿಲ್ಲದ ನೀಲವ್ವ ಅಂಗೈಗೆ ಬಂದಿತು. ಲೋಳೆಲೋಳೆ ಇರುತ್ತದೆ ಎಂದುಕೊಂಡಿದ್ದ, ಹಾಗಿರಲಿಲ್ಲ. ಗಟ್ಟಿ ಮೈ, ಹದವಾದ ಭಾರ. ಕಿವಿರು ಅವನ ಬೆರಳಿಗೆ ತಾಗಿ ತೆರೆದು ಮುಚ್ಚುತ್ತಿತ್ತು.

ಸಿಹಿನೀರಿಗೆ ಇಳಿಸಿದ ಕೂಡಲೇ ಅದು ಜೋರಾಗಿ ಕೊಸರಿಕೊಂಡು, ಒಂದು ಮಗ್ಗುಲಿಗೆ ವಾಲಿ ಬಿದ್ದಿತು. ಬಸಯ್ಯ ಎತ್ತಲು ಕೈ ಚಾಚಿದ.

‘ಕಿವಿರು ಆಡ್ತೈತಿ. ಎತ್ತಬ್ಯಾಡ್ರಿ,’ ಎಂದಳು ಆಫ್ರೀನ.

ಆಗ ಶುರುವಾಯಿತು. ಏನೂ ಇಲ್ಲದ ನೀಲಿ ಮೈಮೇಲೆ ಒಂದು ಬಿಳಿ ಚುಕ್ಕಿ ಮೂಡಿತು. ಪಕ್ಕದಲ್ಲಿ ಇನ್ನೊಂದು. ನೋಡುತ್ತಿದ್ದಂತೆ ರೆಕ್ಕೆ, ಬೆನ್ನು, ಗಲ್ಲ ಎಲ್ಲೆಲ್ಲೂ ಯಾರೋ ಒಳಗಿನಿಂದ ಬರೆಯುತ್ತಿದ್ದಾರೆ ಅನ್ನುವಂತೆ ಚುಕ್ಕಿಗಳು ಎದ್ದವು. ಎದ್ದಂತೆ ಮುದುಡಿದವು, ಕಳಚಿಕೊಂಡು ಗಿರಗಿರ ತಿರುಗುತ್ತ ತಳಕ್ಕೆ ಇಳಿದವು. ಕಡೆಗೆ ಕಣ್ಣು. ಅದರ ಮೇಲಿನ ಮಬ್ಬು ಬೆಳ್ಳಗಾಗಿ, ಬೆಂದ ಸಾಬೂದಾಣಿಯಂತೆ ಉಬ್ಬಿ, ಅಂಚಿನಿಂದ ಎದ್ದು ತೇಲಿಹೋಯಿತು. ಒಳಗೆ ಇನ್ನೂ ಸ್ವಲ್ಪ ಮಸುಕಿದ್ದ ಕಪ್ಪು ಕಣ್ಣು ಹೊರಳಿ ಬಸಯ್ಯನನ್ನೇ ನೋಡಿತು.

ಕೊಂಡ ಸೀರೆ ಮಡಿಚಿಸಿಕೊಂಡು ನಿಂತ ಕೆರೂರಿನ ಹೆಣ್ಣುಮಗಳು, ‘ಏಳ್ರಿ, ಬಸ್ ಹೋಗ್ತೈತಿ’ ಎಂದಳು. ಬುಟ್ಟಿಗೆ ಬಗ್ಗಿದ್ದ ಅವಳ ಗಂಡ ಕೇಳಿಸಿಕೊಳ್ಳಲೇ ಇಲ್ಲ.

ತೊಟ್ಟಿಗೆ ಮರಳಿ ಬಿಟ್ಟಾಗ ನೀಲವ್ವ ಮೊದಲು ವಾಲಿತು, ಆಮೇಲೆ ನೆಟ್ಟಗಾಯಿತು. ಆಫ್ರೀನ ನೀರಿಗೆ ಹುಳದ ಔಷಧ ಹಾಕಿದಳು. ತತ್ತಿಗಳು ಉಳಿದಿರುತ್ತವೆ, ಅವು ಒಡೆದ ಮೇಲೆ ಮತ್ತೊಮ್ಮೆ ಹಾಕಬೇಕು, ಉಪ್ಪನ್ನು ಮೆಲ್ಲಗೆ ಇಳಿಸಬೇಕು, ಬೋರಿನ ನೀರು ಇನ್ನು ಬೇಡ ಎಂದಳು. ಬಸಯ್ಯ ಆಗಲೆಂದು ತಲೆ ಆಡಿಸಿದ.

ಗುರುಲಿಂಗವ್ವ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಕಪ್ಪು ತಳದ ತುಂಬ ಬಿಳಿ ಎಳ್ಳು ಚೆಲ್ಲಿದಂತಿತ್ತು.

‘ಇಷ್ಟೂ ಅದರ ಮ್ಯಾಲ ಇದ್ವು? ದಿನಾ ಎದುರಿಗೆ ಕುಂತು ನೋಡೀನಲ್ಲೋ ನಾ,’ ಎಂದಳು. ‘ಏನ ನೋಡೀನೋ ಏನೋ.’

ಮರುದಿನ ಬಸಯ್ಯ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತವನು ಬೇಗ ಏಳಲಿಲ್ಲ. ಬೆರಳ ಬುಡದಲ್ಲಿ ಇನ್ನೂ ಏನೋ ತೆರೆದು ಮುಚ್ಚುತ್ತಿತ್ತು. ದಿನಾ ನೋಡಿದ್ದನ್ನೇ ಅವನು ಮೊದಲ ಸಲ ನೋಡುವವನಂತೆ ನೋಡುತ್ತಿದ್ದ.

ಅಷ್ಟು ಮುಂಜಾನೆಯೇ ಅಂಗಡಿಗೆ ಹೋಗಿದ್ದ ಗುರುಲಿಂಗವ್ವ ತಿರುಗಿ ಬಂದು ದೇವರ ಕೋಣೆಯ ಬಾಗಿಲಲ್ಲಿ ನಿಂತು ಕೂಗಿದಳು:

‘ಇನ್ನೂ ಮುಗೀಲಿಲ್ಲೇನೋ ನಿನ್ನ ಪೂಜಿ? ಮೇವಿನ ಡಬ್ಬಿ ಎಲ್ಲಿಟ್ಟೀ? ಆಕಿ ಬಾಯಿ ತೆರಕೊಂಡು ಗಾಜಿಗೆ ಬಂದ ನಿಂತಾಳ.’