ಗಲ್ಲದ ಮೇಲಿನ ಗಾಯ

ಭಾರ್ಗವನ ನಾಲಿಗೆಯಲ್ಲಿ ‘ಗೊತ್ತಿಲ್ಲ’ ಎನ್ನುವ ಮಾತು ಹೊರಳುತ್ತಿರಲಿಲ್ಲ. ಮುಳಬಾಗಿಲಿನ ಕಾಲೇಜಿನಲ್ಲಿ ಇತಿಹಾಸ ಹೇಳುವವನು, ಮೇಲಾಗಿ ಹಳೇ ನಾಣ್ಯಗಳ ಹುಚ್ಚ. ಅದಕ್ಕೇ ತಾಯಲೂರಿನ ಚಿಕ್ಕಗಂಗಮ್ಮ ಬಸ್ಸು ಹತ್ತಿ ಅವನ ಮನೆಗೆ ಬಂದಿದ್ದಳು. ಸೆರಗಿನ ಗಂಟು ಬಿಚ್ಚಿ ಚಿನ್ನದ ಬಿಲ್ಲೆಯೊಂದನ್ನು ಮೇಜಿನ ಮೇಲಿಟ್ಟಳು.

“ಮೊಮ್ಮಗಳು ಮೇಘನಂಗೆ ಮದ್ವೆ ಸಾರ್. ನಮ್ಮಲ್ಲಿ ಅಜ್ಜಿ ಮೈಮೇಲಿನ ಚಿನ್ನ ಕರಗ್ಸಿ ತಾಳಿ ಮಾಡಿಸ್ತಾರೆ. ನಂದು ಅಂತ ಇರೋದು ಇದೊಂದೇ. ಹಳೇ ಕಾಲದ ರಾಜಂದು ಅಂದ್ರೆ ಕರಗ್ಸಲ್ಲ, ಅರಿಶಿಣದ ಕೊಂಬು ಕಟ್ತೀವಿ. ನೀವೇ ಹೇಳ್ಬೇಕು.”

ಭಾರ್ಗವ ಬೆಳಕಿಗೆ ಹಿಡಿದ. ಬಲಕ್ಕೆ ತಿರುಗಿದ ಮುಖ, ತಲೆಗೆ ಎಲೆಗಳ ಕಿರೀಟ, ಅಂಚಿನಲ್ಲಿ ರೋಮಿನ ಚಕ್ರವರ್ತಿ ಟೈಬೀರಿಯಸ್‌ನ ಹೆಸರು. ಹಿಂಬದಿಯಲ್ಲಿ ಪೀಠದ ಮೇಲೆ ಕೂತ ಹೆಂಗಸು. ಅವನು ಕುರ್ಚಿಯಿಂದ ಅರ್ಧ ಎದ್ದ. ಆದರೆ ಗಲ್ಲದ ಮೇಲೆ, ಕಿವಿಯಿಂದ ಬಾಯಿಯವರೆಗೆ, ಉಳಿಯಿಂದ ಕಡಿದ ಆಳವಾದ ಗೀಟು.

“ಇದ್ಯಾರು ಕಡಿದಿದ್ದು?”

“ಯಾರೂ ಇಲ್ಲ ಸಾರ್. ನಮ್ಮತ್ತೆಗೆ ಕೆರೆ ಹೂಳು ತೆಗೆಯೋವಾಗ ಸಿಕ್ತು. ಆಗ್ಲೇ ಗಾಯ ಇತ್ತಂತೆ, ಗಾಯದ ತುಂಬ ಕೆರೆ ಮಣ್ಣು. ಪಾಪ, ಯಾವ ಯುದ್ಧದಲ್ಲಿ ಏಟು ತಿಂದ್ನೋ ಅಂತಿದ್ಲು.”

ಕೋಲಾರ ಸೀಮೆಯಲ್ಲಿ ಹುಟ್ಟಿದವರಿಗೆ ಚಿನ್ನದ ವಿಷಯ ತಮಗೆ ಹೇಳಿಕೊಡಬೇಕಿಲ್ಲ ಎಂಬ ಜಂಭ. ಚಿನ್ನವನ್ನು ಕಡಿದು ನೋಡುವವರು ಯಾರು? ಅನುಮಾನ ಬಂದವರು. ಭಾರ್ಗವ ನಕ್ಕುಬಿಟ್ಟ.

“ಅಸಲಿ ಆಗಿದ್ರೆ ರಾಜನ ಮುಖಕ್ಕೆ ಉಳಿ ಇಡೋ ಧೈರ್ಯ ಯಾರಿಗಮ್ಮ? ಚಿನ್ನವೇನೋ ಚಿನ್ನಾನೇ. ಆದ್ರೆ ಯಾರೋ ಅಕ್ಕಸಾಲಿ ಒತ್ತಿರೋ ನಕಲು. ಕರಗ್ಸಿ.”

“ಸರೆ ಬಿಡಿ,” ಎಂದಳು ಚಿಕ್ಕಗಂಗಮ್ಮ. ಗಂಟು ಹಾಕುವ ಮೊದಲು ಹೆಬ್ಬೆರಳಿನಿಂದ ಆ ಗಲ್ಲವನ್ನೊಮ್ಮೆ ಸವರಿದಳು.

ಅವನು ತೂಕ ನೋಡಲಿಲ್ಲ. ಒಂದು ಫೋಟೊ ಕೂಡ ತೆಗೆಯಲಿಲ್ಲ.

ಒಂದೂವರೆ ತಿಂಗಳ ಮೇಲೆ, ಪರವೂರಿನ ಮ್ಯೂಸಿಯಂ ಒಂದರಲ್ಲಿ, ಗಾಜಿನ ಹಿಂದೆ ಅದೇ ಮುಖಗಳು ಸಾಲಾಗಿ ಕೂತಿದ್ದವು. ಒಂದೊಂದರ ಗಲ್ಲದ ಮೇಲೂ ಅದೇ ಗಾಯ. ಪರದೇಶದ ದೊರೆಯ ಮುಖ ಇಲ್ಲಿ ನಾಣ್ಯವಾಗಿ ನಡೆಯದಿರಲಿ, ಬರೀ ಚಿನ್ನವಾಗಿರಲಿ ಎಂದು ಅಂದಿನವರೇ ಕಡಿದಿರಬೇಕು ಎಂದು ಪಕ್ಕದ ಫಲಕ ಹೇಳುತ್ತಿತ್ತು. ಅವನು ನಕಲಿಯ ಗುರುತೆಂದುಕೊಂಡದ್ದೇ ಆ ನಾಣ್ಯ ಅಂದೇ ಈ ನೆಲಕ್ಕೆ ಬಂದದ್ದರ ಗುರುತಾಗಿತ್ತು.

ಊರಿಗೆ ಮರಳಿದವನೇ ತಾಯಲೂರಿನ ಬಸ್ಸು ಹತ್ತಿದ. ಮದುವೆ ಮುಗಿದು ಚಪ್ಪರದ ಗರಿಗಳು ಒಣಗಿದ್ದವು.

“ಊಟ ಎಲ್ಲಾ ಮುಗಿದ ಮೇಲೆ ಬಂದ್ರಾ ಸಾರ್?” ಎಂದು ಛೇಡಿಸುತ್ತ ಚಿಕ್ಕಗಂಗಮ್ಮ ಮೊಮ್ಮಗಳನ್ನು ಕರೆದಳು. “ಬಾರೇ, ತೋರ್ಸೇ ಸಾರ್‌ಗೆ.”

ತಾಳಿಯ ಎರಡು ಪುಟ್ಟ ಬೊಟ್ಟು. ನುಣುಪು. ಎಲ್ಲೂ ಒಂದು ಗೀರಿಲ್ಲ.

“ಅಮ್ಮಾ, ಅದು ಅಸಲಿ. ಎರಡು ಸಾವಿರ ವರ್ಷದ್ದು. ನಂಗೆ ಗೊತ್ತಿರಲಿಲ್ಲ,” ಎಂದ ಭಾರ್ಗವ.

ಮೇಘನಾ ತಾಳಿಯನ್ನು ಸರಕ್ಕನೆ ಸೆರಗಿನೊಳಗೆ ಸರಿಸಿಕೊಂಡಳು, ಕದ್ದದ್ದೇನೋ ಎಂಬಂತೆ.

“ಗಾಯದ ತುಂಬ ಕೆರೆ ಮಣ್ಣಿತ್ತು ಅಂತ ಅವತ್ತೇ ನಾನಂದ್ನಲ್ಲ ಸಾರ್,” ಎಂದಳು ಚಿಕ್ಕಗಂಗಮ್ಮ, ಮೆಲ್ಲಗೆ. ಆಮೇಲೆ ಕೇಳಿದಳು: “ಹೋಗ್ಲಿ, ಯಾರಂತೆ ಅವ್ನು?”

ಅವನು ಹೆಸರು ಹೇಳಿದ. ಅವಳು ಎರಡು ಸಲ ಅಂದು ನೋಡಿದಳು. ನಾಲಿಗೆ ಹೊರಳಲಿಲ್ಲ. ಹೆಬ್ಬೆರಳು ಮಾತ್ರ ಖಾಲಿ ತೋರುಬೆರಳನ್ನು ಸವರುತ್ತಲೇ ಇತ್ತು.