ಕದಲಿಸದ ಪೂಜೆ

ವಿಜಯದಶಮಿಯ ಮಧ್ಯಾಹ್ನ ದುಶ್ಯಂತನ ಮನೆಗೆ ಶಿವಮೊಗ್ಗದ ವಿನೋಬನಗರದಿಂದ ಬೀಗರಾಗುವವರು ಊಟಕ್ಕೆ ಬರುತ್ತಾರೆಂದು ಗೊತ್ತಾದ ದಿನವೇ ತೀರ್ಮಾನ ಮಾಡಿದೆ, ಈ ಸಲ ಇವನನ್ನು ಬಿಡುವುದಿಲ್ಲ ಎಂದು. ವರ್ಷವಿಡೀ ಹಲ್ಲು ಕಚ್ಚಿಕೊಂಡಿದ್ದೆ.

ದುಶ್ಯಂತ ಭದ್ರಾವತಿಯ ಹೊಳೆ ಪಕ್ಕದ ಒಂದು ಬಡಾವಣೆಯ ಸಂಘದ ಅಧ್ಯಕ್ಷ. ಅಲ್ಲಿನ ಮನೆಗಳ ಕೊಳಚೆ ನೀರು ತಗ್ಗಿನಲ್ಲಿರುವ ಪುಟ್ಟ ಶುದ್ಧೀಕರಣ ಘಟಕಕ್ಕೆ ಬಂದು, ತಿಳಿಯಾಗಿ, ಭದ್ರಾ ಹೊಳೆ ಸೇರುತ್ತದೆ. ಅದನ್ನು ನಡೆಸುತ್ತಿದ್ದವರು ನಮ್ಮ ಯಜಮಾನರು, ಕೆಂಚಪ್ಪ. ಅಲ್ಲೇ ಕಸ ಗುಡಿಸಿ ಗಿಡಕ್ಕೆ ನೀರು ಹಾಕುವವಳು ನಾನು.

ಹೋದ ವರ್ಷ ಆಯುಧಪೂಜೆಗೆ ಮೋಟರು, ಬ್ಲೋವರು ಎಲ್ಲವನ್ನೂ ನಿಲ್ಲಿಸಬೇಕು, ಮರುದಿನ ಸಂಜೆ ಬನ್ನಿ ಮುಡಿದು ಪೂಜೆ ಕದಲಿಸುವವರೆಗೆ ಯಾರೂ ಮುಟ್ಟಕೂಡದು ಎಂದು ದುಶ್ಯಂತ ಅಪ್ಪಣೆ ಮಾಡಿದ. ಬ್ಲೋವರು ತೊಟ್ಟಿಗೆ ಗಾಳಿ ಊದುತ್ತದೆ. ಅದು ನಿಂತರೆ ಕೊಳಚೆ ತಿನ್ನುವ ಸೂಕ್ಷ್ಮಜೀವಿಗಳು ಉಸಿರುಕಟ್ಟಿ ಸಾಯುತ್ತವೆ. ಓಡುತ್ತಿರುವ ಯಂತ್ರಕ್ಕೇ ಪೂಜೆ ಮಾಡೋಣ ಎಂದು ಯಜಮಾನರು ಕೈ ಮುಗಿದರೂ ಅವನು ಕೇಳಲಿಲ್ಲ. ಮರುದಿನ ಕಪ್ಪು ನೀರು ಹೊಳೆಗೆ ಹೋಗಿ ಮೀನು ಸತ್ತು ತೇಲಿದವು. ಹೊಳೆಯ ಕೆಳಗಿನ ಊರಿನವರು ಜಗಳಕ್ಕೆ ಬಂದಾಗ ಈ ಮಹಾನುಭಾವ ಎಲ್ಲರೆದುರು, ಕೆಂಚಪ್ಪ ಕುಡಿದು ಮಲಗಿದ್ದ ಎಂದುಬಿಟ್ಟ.

ಜೀವಮಾನದಲ್ಲಿ ಒಂದು ಹನಿ ಮುಟ್ಟದ ಮನುಷ್ಯ ಅವರು. ಕೆಲಸ ಹೋಯಿತು, ಹೋಗಲಿ. ಆದರೆ ಕಾಗದನಗರದ ನಮ್ಮ ಮನೆಯಿಂದ ಹಾಲು ತರಲು ಹೊರಗೆ ಹೋಗುವುದನ್ನೂ ಬಿಟ್ಟರು. ಕುಡುಕ ಬಂದ ಅಂತಾರೆ ಎನ್ನುತ್ತಿದ್ದರು. ಅದನ್ನು ನಾನು ಹೇಗೆ ನುಂಗಿಕೊಳ್ಳಲಿ?

ಈ ವರ್ಷವೂ ಅದೇ ಅಪ್ಪಣೆ. ತನ್ನ ಸುಳ್ಳನ್ನು ತಾನೇ ನಂಬಿಬಿಟ್ಟಿದ್ದ. ಯಜಮಾನರ ಜಾಗಕ್ಕೆ ಬಂದವನು ಎಲ್ಲ ನಿಲ್ಲಿಸಿ, ಬೀಗದ ಕೈ ನನಗೆ ಕೊಟ್ಟು ಹಬ್ಬಕ್ಕೆ ಊರಿಗೆ ಹೋದ. ಬ್ಲೋವರಿಗೆ ನಾನೇ ಚೆಂಡುಹೂವಿನ ಹಾರ ಹಾಕಿದೆ. ಜನ ಚದುರಿದ ಮೇಲೆ ಹೊಳೆಗೆ ನೀರು ಬಿಡುವ ಗೇಟನ್ನು ಬಿಗಿಯಾಗಿ ಮುಚ್ಚಿ, ಅದಕ್ಕೂ ಹಾರ ಹಾಕಿ ಕುಂಕುಮವಿಟ್ಟೆ. ಈ ಸಲ ಮೀನು ಸಾಯಬಾರದು. ಮುಂದೆ ದಾರಿಯಿಲ್ಲದ ನೀರು ಹಿಂದಕ್ಕೆ ಏರಬೇಕು. ಹಿಂದೆ ಮೊದಲು ಸಿಗುವುದು, ಹೊಳೆ ಕಾಣಲೆಂದು ತಗ್ಗಿನಲ್ಲೇ ಕಟ್ಟಿಸಿದ ದುಶ್ಯಂತನ ಮನೆ.

ಮರುದಿನ ಹೋಳಿಗೆ ಬಡಿಸುವ ಹೊತ್ತಿಗೆ ಇಡೀ ಬಡಾವಣೆಯ ಕೊಳಚೆ ಅವನ ಬಚ್ಚಲಲ್ಲಿ ಉಕ್ಕಿತು. ದುಶ್ಯಂತ ರೇಷ್ಮೆ ಪಂಚೆ ಎತ್ತಿಕಟ್ಟಿ ಓಡಿಬಂದ. ಹಿಂದೆಯೇ ಬೀಗರು, ಅಕ್ಕಪಕ್ಕದವರು, ಎಲ್ಲರೂ ಮೂಗು ಮುಚ್ಚಿಕೊಂಡು ಬಂದರು. ನಾನು ಘಟಕದ ಬಾಗಿಲಿಗೆ ಬೀಗ ಹಾಕಿ ಅಲ್ಲೇ ಕೂತಿದ್ದೆ.

"ಬೀಗ ತೆಗಿ ಪದ್ಮಮ್ಮ. ಬೇಗ ಮಿಷನ್ ಹಾಕ್ಬೇಕು."

"ಪೂಜೆ ಕದಲಿಸಿಲ್ವಲ್ಲ ಸಾರ್. ಸಂಜೆ ತನಕ ಮುಟ್ಬಾರ್ದು ಅಂತ ನೀವೇ ಹೇಳಿದ್ದು. ಹೋದ ವರ್ಷ ನಿಲ್ಸೋಕೆ ಹೇಳಿದ್ದೂ ನೀವೇ. ಹೌದೋ ಅಲ್ವೋ?"

ಅವನು ಬೀಗರ ಮುಖ ನೋಡಿದ, ನೆಲ ನೋಡಿದ, ಹೌದು ಎಂದು ಗೊಣಗಿದ. ನಾನು ಬಿಡಲಿಲ್ಲ. ನಿಲ್ಲಿಸಲು ಹೇಳಿದ್ದು ನಾನೇ, ಕೆಂಚಪ್ಪ ಕುಡಿದಿರಲಿಲ್ಲ ಎಂದು ಅವನು ಎಲ್ಲರಿಗೂ ಕೇಳುವಂತೆ ಹೇಳಿದ ಮೇಲೇ ಯಜಮಾನರಿಗೆ ಫೋನ್ ಮಾಡಿದೆ. ಹೊಟ್ಟೆ ತಣ್ಣಗಾಯಿತು.

ಅವರು ಸೈಕಲ್ಲಿನಲ್ಲಿ ಬಂದರು. ಹಾರ ತೆಗೆದು ಕಣ್ಣಿಗೊತ್ತಿಕೊಂಡು ಬ್ಲೋವರ್ ಹಾಕಿದರು. ಮೇಲಿನ ಮನೆಯವರಿಗೆ ಸದ್ಯ ನಲ್ಲಿ ತಿರುಗಿಸಬೇಡಿ ಎಂದು ಹೇಳಿಕಳಿಸಿದರು. ಆಮೇಲೆ ತೊಟ್ಟಿಯ ನೀರನ್ನು ಮಗ್ಗಿನಲ್ಲಿ ಎತ್ತಿ ಬಿಸಿಲಿಗೆ ಹಿಡಿದರು. ದುಶ್ಯಂತ ತೆಗೆ ಎಂದು ಗೇಟಿನ ಕಡೆ ಕೈ ತೋರಿಸುತ್ತಲೇ ಇದ್ದ.

"ಈ ನೀರು ಹೊಳೆಗೆ ಬಿಡಕ್ಕಾಗಲ್ಲ ಸಾರ್. ತಿಳಿ ಆಗ್ಬೇಕು. ನಾಳೆ ನೋಡಾಣ."

ಅವರ ದನಿಯಲ್ಲಿ ಸೇಡಿನ ಸುಳಿವೂ ಇರಲಿಲ್ಲ. ನಾನು ಒಂದು ಮಧ್ಯಾಹ್ನಕ್ಕೆ ಮುಗಿಸಬೇಕೆಂದಿದ್ದುದನ್ನು ಪುಣ್ಯಾತ್ಮರು ಮರುದಿನದವರೆಗೆ ಎಳೆದರು. ಬೀಗರು ಹೋಳಿಗೆ ತಿನ್ನದೆ ಕಾರು ಹತ್ತಿ ಶಿವಮೊಗ್ಗದ ದಾರಿ ಹಿಡಿದರು.

ಅವತ್ತು ಸಂಜೆ ಹಾಲು ತರಲು ಯಜಮಾನರೇ ಹೋದರು.