ಬಲದಿಂದ ಎಡಕ್ಕೆ

ಟೇಬಲ್ಲಿನ ಒಂದು ಕಾಲು ಹೊಸ್ತಿಲಿಗೆ ಸಿಕ್ಕಿಕೊಂಡಿತು. "ಜರಾ ವಾರಿ ಮಾಡು," ಎಂದ ಪಕ್ಕದ ಮನೆಯ ಭಾಗಣ್ಣ. ಕಪಿಲ ತನ್ನ ಕಡೆಯ ತುದಿಯನ್ನು ಓರೆ ಮಾಡಿದ. ಮೇಲಿದ್ದ ಕಂಪ್ಯೂಟರ್ ಜಾರತೊಡಗಿದಾಗ ಸುಮಂಗಲಾ ಓಡಿಬಂದು ಎರಡೂ ಕೈಯಲ್ಲಿ ಹಿಡಿದಳು.

"ಮೊದಲ ಇದರ ವಾಯರ್ ಬಿಚ್ಚಬೇಕಿತ್ತು," ಎಂದಳು ಗಂಡ ಕಪಿಲನಿಗೆ. "ಇನ್ನಾ ಚಾಲೂನೇ ಅದ ನೋಡ್ರಿ."

ಪರದೆಯ ಮೇಲೆ ತ್ರಿಕೋನ, ಚೌಕ, ವೃತ್ತಗಳ ಒಂದು ಸಾಲು, ಅದರ ಕೆಳಗೆ ಅಂಕಿಗಳು ಇದ್ದವು. ಮೂರು ದಿನದ ಹಿಂದೆ ಕಪಿಲನ ತಾಯಿ ರಮಾಬಾಯಿ ಇದರ ಮುಂದೆ ಕುಳಿತಿದ್ದಾಗಲೇ ಎದೆ ಹಿಡಿದುಕೊಂಡಿದ್ದಳು. ಕಲಬುರಗಿ ಆಸ್ಪತ್ರೆಗೆ ಓಡುವ ಗಡಿಬಿಡಿಯಲ್ಲಿ ಯಾರೂ ಇದನ್ನು ಆರಿಸಿರಲಿಲ್ಲ. ಅವಳು ಅಲ್ಲೇ ತೀರಿಕೊಂಡಿದ್ದಳು. ಕಪಿಲ ಸ್ವಲ್ಪ ಹೊತ್ತು ಆ ಸಾಲನ್ನು ನೋಡಿದ. ಎಷ್ಟೋ ವರ್ಷದಿಂದ ನೋಡಿದ್ದರೂ ಅದರಲ್ಲಿ ಒಂದು ಅಕ್ಷರವೂ ಅವನಿಗೆ ತಿಳಿಯುತ್ತಿರಲಿಲ್ಲ. ಸೇಡಂ ಹೈಸ್ಕೂಲಿನಲ್ಲಿ ಸಮಾಜವಿಜ್ಞಾನ ಕಲಿಸುವ ಅವನಂಥ ಮಾಸ್ತರನಿಗೆ ತಿಳಿಯಬೇಕೆಂದೂ ಇರಲಿಲ್ಲ. ಗುಂಡಿ ಒತ್ತಿ ಆರಿಸಿದ.

"ಗಾಡಿ ಶಹಾಬಾದ ಕ್ರಾಸ್ ದಾಟೇದಂತ," ಎಂದು ಹೊರಗಿನಿಂದ ಯಾರೋ ಕೂಗಿದರು. ಟೇಬಲ್ಲು ಪಡಸಾಲೆಯ ಮೂಲೆಗೆ ಹೋಯಿತು. ಅದು ಇದ್ದ ಜಾಗದಲ್ಲಿ ಸುಮಂಗಲಾ ಕಸ ಹೊಡೆದು ಚಾಪೆ ಹಾಸಿದಳು. ಭಾಗಣ್ಣ ಬುದ್ಧನ ಮತ್ತು ಬಾಬಾಸಾಹೇಬರ ಫೋಟೋಗಳನ್ನು ಒರೆಸಿ ಗೋಡೆಗೆ ಒರಗಿಸಿದ.

ಕಟ್ಟೆಯ ಮೇಲೆ ಕುಳಿತಿದ್ದ ದಶರಥ ಇದಾವುದನ್ನೂ ನೋಡುತ್ತಿರಲಿಲ್ಲ. ಕಲ್ಲು ಕೊಯ್ಯುವ ಧೂಳನ್ನು ವರ್ಷಗಟ್ಟಲೆ ಕುಡಿದ ಅವನ ಎದೆ, ಸುಮ್ಮನೆ ಕುಳಿತರೂ ಸದ್ದು ಮಾಡುತ್ತಿತ್ತು.

"ಅಪ್ಪಾ, ಎಲ್ಲಾರಿಗೂ ಹೇಳೀನಿ. ಇನ್ಯಾರಿಗರ ಹೇಳೋದದ?" ಎಂದು ಕಪಿಲ ಕೇಳಿದ.

"ವಾಡಿಗೆ ಹೇಳಿದೇನು? ಬೇಗಂಗ?"

"ಹೇಳೀನಿ. ಕೇಳಿದ ಕೂಡ್ಲೆ ಫೋನ್ ಇಟ್ಟುಬಿಟ್ರು."

ದಶರಥ ತಲೆಯಾಡಿಸಿದ. "ಬರ್ತಾಳ," ಎಂದ.

*

ರಮಾಬಾಯಿ ಕೆಲಸಕ್ಕೆ ಸೇರಿದಾಗ ಸಿಮೆಂಟ್ ಕಾರ್ಖಾನೆಯ ಕಂಪ್ಯೂಟರ್ ವಿಭಾಗವೆಂದರೆ ಎರಡು ಕೋಣೆ, ಒಂದು ಕೂಲರ್. ಟೈಪಿಂಗ್ ಪಾಸಾದ ಇಬ್ಬರು ಹುಡುಗಿಯರನ್ನು ಅಲ್ಲಿಗೆ ಒಂದೇ ವಾರದಲ್ಲಿ ತೆಗೆದುಕೊಂಡಿದ್ದರು. ರಮಾಬಾಯಿ ಭಂಕೂರಿನ ಕಲ್ಲುಗಣಿ ಕೂಲಿಯವನ ಮಗಳು. ಸರ್ವರಬೇಗಂ ಶಹಾಬಾದ ಸ್ಟೇಷನ್ನಿನ ಹತ್ತಿರ ಬಳೆ ಮಾರುತ್ತಿದ್ದ ಮಾಶಾಬಿಯ ಮಗಳು.

ವಿಭಾಗದ ಮುಖ್ಯಸ್ಥ ಲಕ್ಷ್ಮಿಕಾಂತ ಮುಂಬೈಯಲ್ಲಿ ಕಲಿತು ಬಂದವರು. ಎಪಿಎಲ್ ಎಂಬ ಕಂಪ್ಯೂಟರ್ ಭಾಷೆಯ ಮೇಲೆ ಅವರಿಗೆ ಹುಚ್ಚುಪ್ರೀತಿ. ಬೇರೆ ಭಾಷೆಗಳಲ್ಲಿ ಅಂಕಿಗಳನ್ನು ಒಂದೊಂದಾಗಿ ಎತ್ತಿ ಕೂಡಬೇಕು, ಇದರಲ್ಲಿ ಇಡೀ ಕೋಷ್ಟಕವನ್ನೇ ಒಂದು ಗುರುತಿನಿಂದ ಎತ್ತಬಹುದು ಎನ್ನುತ್ತಿದ್ದರು. ಆ ಗುರುತುಗಳು ಸಾದಾ ಟೈಪ್‌ರೈಟರಿನಲ್ಲಿ ಇರಲಿಲ್ಲ. ಅವು ಪರದೆಯ ಮೇಲೆ ಮೂಡಲು ಯಂತ್ರದೊಳಗೆ ಬೇರೆಯೇ ಚಿಪ್ ಕೂಡಿಸಬೇಕಿತ್ತು, ಕೀಲಿಗಳ ಮೇಲೆ ಚೀಟಿ ಅಂಟಿಸಬೇಕಿತ್ತು.

ಮೊದಲ ವಾರ ರಮಾಬಾಯಿಗೆ ಏನೂ ತಲೆಗೆ ಹತ್ತಲಿಲ್ಲ. ಎಡದಿಂದ ಲೆಕ್ಕ ಹಾಕುತ್ತ ಹೋದರೆ ಉತ್ತರವೇ ಬೇರೆ ಬರುತ್ತಿತ್ತು.

"ಇದು ಬಲಗಡೆಯಿಂದ ಎಡಗಡೆಗೆ ನಡೀತದಮ್ಮಾ," ಎಂದರು ಲಕ್ಷ್ಮಿಕಾಂತ.

ಸರ್ವರಬೇಗಂ ಬಾಯಿಗೆ ಸೆರಗು ಹಿಡಿದು ನಕ್ಕಳು. "ಹಂಗಂತ ಮೊದಲೇ ಹೇಳಬಾರದೇನ್ರಿ ಸರ್? ಉರ್ದು ಓದಿದಂಗ ಓದೋದು!"

ಅಂದಿನಿಂದ ಊಟದ ಬಿಡುವಿನಲ್ಲಿ ಅವಳೇ ಗುರುವಾದಳು. ಸಾಲಿನ ಬಲತುದಿಗೆ ರಮಾಬಾಯಿಯ ಬೆರಳು ಇಡಿಸಿ, ಎಡಕ್ಕೆ ಒಂದೊಂದೇ ಗುರುತು ಸರಿಸುತ್ತ ಓದಿಸಿದಳು. ಗುರುತುಗಳಿಗೆ ಇಬ್ಬರೂ ತಮ್ಮದೇ ಹೆಸರಿಟ್ಟರು. ಅಂಕಿಗಳನ್ನು ಹಿಂದುಮುಂದು ಮಾಡುವ ಗುರುತು ಕನ್ನಡಿ. ಚೌಕದೊಳಗೆ ಭಾಗಾಕಾರದ ಚಿಹ್ನೆ ಇದ್ದದ್ದು ಖಿಡಕಿ. ಅವರ ಕೆಲಸವೆಲ್ಲ ಆ ಖಿಡಕಿಯಲ್ಲೇ ಇತ್ತು. ಸುಣ್ಣದಕಲ್ಲು, ಮಣ್ಣು, ಕಬ್ಬಿಣದ ಅದಿರುಗಳಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಲ್ಯಾಬಿನಿಂದ ಅಂಕಿ ಬರುತ್ತಿತ್ತು. ಭಟ್ಟಿಗೆ ಯಾವುದನ್ನು ಎಷ್ಟು ಬೆರೆಸಬೇಕೆಂದು ಆ ಒಂದು ಗುರುತು ಹೇಳುತ್ತಿತ್ತು. ಹಾಗೆ ಹೇಳಿಸುವ ಪ್ರೋಗ್ರಾಮನ್ನು ಇಬ್ಬರೂ ಕೂಡಿ ಬರೆದರು. ಮೊದಲ ಸಲ ಅದು ಸರಿಯಾಗಿ ನಡೆದ ದಿನ ಮಾಶಾಬಿ ಇಬ್ಬರ ಕೈಗೂ ಒಂದೇ ಬಣ್ಣದ ಬಳೆ ಇಟ್ಟಳು.

*

ಹೆಣವನ್ನು ಚಾಪೆಯ ಮೇಲೆ ಮಲಗಿಸಿ ಬಿಳಿ ಬಟ್ಟೆ ಹೊದಿಸಿದ್ದರು. ಓಣಿಯ ಹೆಂಗಸರು ಸುತ್ತ ಕುಳಿತಿದ್ದರು. ಹೊರಗೆ ಕಾರ್ಖಾನೆಯಲ್ಲಿ ಜೊತೆಗೆ ದುಡಿದಿದ್ದ ನಾಲ್ಕಾರು ಮುದುಕರು ಕುರ್ಚಿ ಹಾಕಿಕೊಂಡಿದ್ದರು.

"ಕಾರ್ಖಾನಿ ಬಂದ್ ಆಗಿ ಎಷ್ಟೋ ವರ್ಷ ಆತು," ಎಂದ ಅವರಲ್ಲೊಬ್ಬ. "ರಮಾಬಾಯಿ ಮಾತ್ರ ಡ್ಯೂಟಿ ಬಿಡ್ಲಿಲ್ಲ ನೋಡ್ರಿ. ಹೊಸಾ ವರ್ಶನ್ ಬಂತಂದ್ರ ಸಾಕು, ಅದೇ ಹಳೀ ಲೆಕ್ಕ ಹಚ್ಚಿ ನೋಡಾಕಿ."

"ಆರಿದ ಭಟ್ಟಿಗೆ ಇನ್ನಾ ಮಾಲು ಕಳಿಸ್ತಿದ್ದಳು," ಎಂದ ಭಾಗಣ್ಣ. ನಗಲು ನೋಡಿದ. ಟವೆಲಿನಿಂದ ಮುಖ ಒರೆಸಿಕೊಂಡ.

ಆಟೋ ನಿಂತಿತು. ಇಳಿದವಳು ಗಿಡ್ಡ ಹೆಂಗಸು. ಕಪ್ಪು ಬುರ್ಖಾ, ಮುಖ ತೆರೆದಿತ್ತು, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಸರ್ವರಬೇಗಂ ನೇರ ಒಳಗೆ ಹೋದಳು. ಹೆಂಗಸರು ಸರಿದು ಜಾಗ ಕೊಟ್ಟರು. ಅವಳು ಹೆಣದ ತಲೆಯ ಹತ್ತಿರ ಕುಳಿತು, ಅಳದೆ, ರಮಾಬಾಯಿಯ ಹಣೆಯ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಹಾಗೇ ಇದ್ದಳು.

ಸುಮಂಗಲಾ ಚಹಾ ತಂದಳು. "ಮೌಶಿ, ಮುಂಜಾನಿಂದ ಏನೂ ತೊಗೊಂಡಿರಲಿಕ್ಕಿಲ್ಲ ನೀವು."

"ಬ್ಯಾಡವ್ವಾ." ಅವಳ ಕಣ್ಣು ಪಡಸಾಲೆಯ ಮೂಲೆಯಲ್ಲಿದ್ದ ಟೇಬಲ್ಲಿನ ಮೇಲೆ ಬಿತ್ತು. "ಹೊಸಾ ವರ್ಶನ್ ಹಾಕಿದ್ಲೇನು?"

ಬಾಗಿಲಲ್ಲಿ ನಿಂತಿದ್ದ ಕಪಿಲನೇ ಉತ್ತರ ಕೊಟ್ಟ. "ಹ್ಞೂಂ, ಮೌಶಿ. ಕಡೀದೊಂದು ಅಂಕಿ ಫರಕ್ ಬರಾಕತ್ತದ, ಬೇಗಂ ಬರ್ಲಿ, ಕೂಡಿ ನೋಡ್ತೀವಿ ಅಂತಿದ್ಲು. ನಾನು ಆರಿಸಿಬಿಟ್ಟೆ. ತಪ್ಪಾತೇನು?"

"ತಪ್ಪೇನದ? ಎಲ್ಲಿ ಹೋಗ್ತದ ಅದು? ನೋಡಿದ್ರಾಯ್ತು." ಸರ್ವರಬೇಗಂ ಎದ್ದಳು. "ಇವತ್ತಲ್ಲ."

ಹೊರಗೆ ಬಂದು ದಶರಥನ ಪಕ್ಕದಲ್ಲಿ, ಕಟ್ಟೆಯ ಮೇಲೆ ಕುಳಿತಳು. ಅವನು ತನ್ನ ಬಲಗೈಯನ್ನು ಧೋತರದ ಮಡಿಕೆಯಲ್ಲಿ ಮುಚ್ಚಿಕೊಂಡ. ಆ ಕೈಯಲ್ಲಿ ಎರಡು ಬೆರಳು ಇರಲಿಲ್ಲ. ಅವಳ ಮುಂದೆ ಅವನು ಯಾವಾಗಲೂ ಹಾಗೆ ಮಾಡುತ್ತಿದ್ದ.

*

ಆ ಬೆರಳು ಹೋದ ವರ್ಷವೇ ಭಾಷೆಯೂ ಬದಲಾಗಿತ್ತು.

ಹಳೆಯದನ್ನು ಹುಟ್ಟಿಸಿದ ಮುದುಕರೇ ಇನ್ನೊಬ್ಬರೊಡನೆ ಕೂಡಿ ಹೊಸದೊಂದು ಮಾಡಿದ್ದಾರೆ ಎಂದು ಲಕ್ಷ್ಮಿಕಾಂತ ಹೇಳಿದರು. ಅದರ ಹೆಸರು ಜೆ. ವಿಶೇಷ ಚಿಪ್ ಬೇಡ, ಚೀಟಿ ಬೇಡ. ಸಾದಾ ಕೀಲಿಮಣೆಯ ಅಕ್ಷರಗಳಿಗೇ ಚುಕ್ಕಿ ಹಚ್ಚಿ ಎಲ್ಲ ಗುರುತು ಮಾಡಿದ್ದರು. ಖಿಡಕಿ ಹೋಗಿ ಆ ಜಾಗಕ್ಕೆ ಶೇಕಡಾ ಗುರುತು, ಮುಂದೊಂದು ಚುಕ್ಕಿ ಬಂತು.

"ಇದು ಭಾಷಾ ಅಲ್ರಿ, ನೊಣ ಕುಂತಂಗದ," ಎಂದಳು ಸರ್ವರಬೇಗಂ.

"ಕಲೀರಿ. ಇನ್ನು ಮುಂದ ವಿಭಾಗದಾಗ ಒಬ್ರಿಗೇ ಜಾಗ," ಎಂದರು ಲಕ್ಷ್ಮಿಕಾಂತ, ಮುಖ ನೋಡದೆ. "ಪರೀಕ್ಷಾ ಇಡ್ತಾರ. ಚಲೋ ಮಾಡಿದವರು ಉಳೀತಾರ."

ತರಬೇತಿ ಹೈದರಾಬಾದಿನಲ್ಲಿತ್ತು. ಮಾಶಾಬಿ ಹಾಸಿಗೆ ಹಿಡಿದಿದ್ದರಿಂದ ಸರ್ವರಬೇಗಂ ಹೋಗುವಂತಿರಲಿಲ್ಲ. ಒಬ್ಬಳು ಹೋಗಿ ಕಲಿತು ಬಂದು ಇನ್ನೊಬ್ಬಳಿಗೆ ಕಲಿಸುವುದೆಂದು ಮಾತಾಯಿತು. ಇಬ್ಬರೂ ಸಮ ಕಲಿಯೋಣ, ಆಮೇಲೆ ಯಾರಿಗೆ ಸಿಕ್ಕರೂ ಸರಿ ಎಂದುಕೊಂಡರು.

ರಮಾಬಾಯಿ ಹೈದರಾಬಾದಿನಲ್ಲಿ ಇದ್ದಾಗಲೇ ದಶರಥನ ಕೈ ಕಲ್ಲು ಕೊಯ್ಯುವ ಗಾಲಿಗೆ ಸಿಕ್ಕಿತು. ತಿರುಗಿ ಬಂದಾಗ ಗಂಡ ಕೈಗೆ ಪಟ್ಟಿ ಕಟ್ಟಿಕೊಂಡು ಗೋಡೆ ನೋಡುತ್ತ ಮಲಗಿದ್ದ. ಕಪಿಲ ಇನ್ನೂ ಅಂಬೆಗಾಲಿಡುವ ಕೂಸು.

ಮರುದಿನ ಊಟದ ಬಿಡುವಿನಲ್ಲಿ ಸರ್ವರಬೇಗಂ ಕುರ್ಚಿ ಎಳೆದುಕೊಂಡು ಕುಳಿತಳು. "ಹ್ಞಾಂ, ಶುರು ಮಾಡು ಉಸ್ತಾದ್."

"ನಾಳಿ ಮಾಡ್ತೀನಿ. ತಲಿ ಭಾಳ ನೋಯಾಕತ್ತದ," ಎಂದಳು ರಮಾಬಾಯಿ.

ಅದರ ಮರುದಿನವೂ ನಾಳೆ ಎಂದಳು. ಸರ್ವರಬೇಗಂ ಇನ್ನೊಮ್ಮೆ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟು ಡಬ್ಬಿ ಹಿಡಿದುಕೊಂಡು ಹೊರಗಿನ ಬೇವಿನ ಗಿಡದ ಕೆಳಗೆ ಹೋಗಿ ಉಣ್ಣತೊಡಗಿದಳು.

ಪರೀಕ್ಷೆಯಾಯಿತು. ರಮಾಬಾಯಿ ಉಳಿದಳು. ಸರ್ವರಬೇಗಂಳನ್ನು ವಾಡಿಯ ಗೋದಾಮಿಗೆ ಹಾಕಿದರು. ಅಲ್ಲಿ ಅವಳ ಕೆಲಸ ಬಂದುಹೋಗುವ ಲಾರಿಗಳ ನಂಬರು ಬರೆಯುವುದು. ಹೋಗುವ ದಿನ ಅವಳು ಕೀಲಿಮಣೆಯ ಚೀಟಿಗಳನ್ನು ಉಗುರಿನಿಂದ ಕೆರೆದು ತೆಗೆದಳು. ರಮಾಬಾಯಿ ಪಕ್ಕದಲ್ಲೇ ಕುಳಿತಿದ್ದಳು. ಆಮೇಲೆ ಮಾಶಾಬಿ ತೀರಿಕೊಂಡಳು, ಸರ್ವರಬೇಗಂಳ ಮದುವೆಯಾಯಿತು, ಕಾರ್ಖಾನೆಯ ಭಟ್ಟಿ ಆರಿತು, ರಮಾಬಾಯಿ ಶಹಾಬಾದದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸತೊಡಗಿದಳು. ಅಷ್ಟೂ ವರ್ಷ ಇಬ್ಬರ ನಡುವೆ ಒಂದು ಮಾತಿಲ್ಲ.

ಜೆ ಭಾಷೆಯೂ ವರ್ಶನ್ನಿನ ಮೇಲೆ ವರ್ಶನ್ ಆಗಿ ಬೆಳೆಯಿತು. ರಮಾಬಾಯಿ ಒಂದನ್ನೂ ಬಿಡದೆ ಕಲಿತಳು. ಹೀಗಿರುವಾಗ ಜಗತ್ತಿನ ಲಿಪಿಗಳೆಲ್ಲ ಯಾವ ಕಂಪ್ಯೂಟರಿನಲ್ಲಾದರೂ ಮೂಡುವ ಕಾಲ ಬಂತು. ಕನ್ನಡ ಬಂತು, ಉರ್ದು ಬಂತು. ಅವುಗಳ ಜೊತೆಗೆ ಹಳೆಯ ಎಪಿಎಲ್‌ನ ಗುರುತುಗಳೂ ಬಂದವು. ಚಿಪ್ ಬೇಡದ ಹೊಸ ಎಪಿಎಲ್ ಹೊರಬಂದಿದೆ ಎಂದು ತಿಳಿದ ದಿನ ರಮಾಬಾಯಿ ಅದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಪ್ಯಾಸೆಂಜರ್ ಗಾಡಿ ಹತ್ತಿ ವಾಡಿಗೆ ಹೋದಳು.

ಬಾಗಿಲು ತೆರೆದ ಸರ್ವರಬೇಗಂ ಒಳಗೆ ಬಾ ಎನ್ನಲಿಲ್ಲ. ರಮಾಬಾಯಿ ಹೊರಗೇ ಮೆಟ್ಟಿಲ ಮೇಲೆ ಕುಳಿತು ಲ್ಯಾಪ್‌ಟಾಪ್ ತೆರೆದಳು.

"ಖಿಡಕಿ ತಿರುಗಿ ಬಂದದ, ಬೇಗಂ," ಎಂದಳು.

ಸರ್ವರಬೇಗಂ ನಿಂತೇ ನೋಡಿದಳು. ಬಾಗಿಲ ಚೌಕಟ್ಟು ಹಿಡಿದಿದ್ದ ಕೈ ಸಡಿಲಾಯಿತು. ಬಗ್ಗಿದಳು, ಕುಳಿತಳು, ಪರದೆಯ ಮೇಲಿನ ಸಾಲಿನ ಬಲತುದಿಗೆ ಬೆರಳಿಟ್ಟು ಎಡಕ್ಕೆ ಸರಿಸುತ್ತ ಬಂದಳು. ನಡುವೆ ಒಂದು ಕಡೆ ನಿಂತಳು.

"ಇಲ್ಲಿ ಕನ್ನಡಿ ಬಿಟ್ಟಿದಿ," ಎಂದಳು. "ಒಳಗ ಬಾ. ಬಿಸಿಲದ."

*

"ತಂಗಿ," ಎಂದ ದಶರಥ. ಮಾತಿಗೂ ಮಾತಿಗೂ ನಡುವೆ ಉಸಿರು ಎಳೆಯಬೇಕಾಗಿತ್ತು. "ಆಕಿ ನಿನಗ ಒಂದು ಮಾತು ಹೇಳಬೇಕಂತಿದ್ಲು. ವಾಡಿಗೆ ಹೋಗೋ ಮುಂದೆಲ್ಲಾ, ಈ ಸಲ ಹೇಳ್ತೀನಿ ಅನ್ನಾಕಿ. ಹೇಳಿದ್ಲೇನು?"

"ಇಲ್ಲ ಭಾಯ್."

"ಆವಾಗ ನನ್ನ ಕೈ ಹಿಂಗಾಗಿತ್ತು. ಕೂಸಿತ್ತು. ಅಂಜಿದ್ಲು. ನಿನಗ ಕಲಿಸಿದ್ರ ನೀನೇ ಗೆಲ್ತಿ ಅಂತ ಆಕಿಗೆ ಪಕ್ಕಾ ಗೊತ್ತಿತ್ತು."

ಸರ್ವರಬೇಗಂ ಓಣಿಯ ಕಡೆ ನೋಡಿದಳು. "ನನಗೂ ಗೊತ್ತಿತ್ತು, ಭಾಯ್. ನಾಳಿ ಅಂತ ಎರಡನೇ ಸಲ ಅಂದಾಗೇ ತಿಳೀತು. ಆಕಿ ಜಾಗಾದಾಗ ಇದ್ರ ನಾನೂ ಹಂಗೇ ಮಾಡ್ತಿದ್ನೇನೋ."

"ಮತ್ತ ಅಷ್ಟು ವರ್ಷ ಮಾತು ಬಿಟ್ಟಿ?"

"ಸಿಟ್ಟು ಬಂದಿತ್ತು. ತಿಳಿಯೋದು ಬ್ಯಾರೆ, ಸಿಟ್ಟು ಬ್ಯಾರೆ." ಅವಳು ಬುರ್ಖಾದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಆಮ್ಯಾಗ ಆಕಿ ಬಂದ ಮ್ಯಾಲ ಸಿಟ್ಟು ಎಲ್ಲಿತ್ತು? ಹೇಳಲಿಕ್ಕೆ ಬಾಯಿ ತೆಗೀತಿದ್ಲು, ನಾನೇ ಬ್ಯಾರೆ ಮಾತು ತೆಗೀತಿದ್ದೆ. ಆಕಿ ಅಳೋದು ನನಗ ನೋಡಲಿಕ್ಕಾಗಂಗಿಲ್ಲ. ಹೇಳಿಬಿಡಲಿ ಅಂತ ಬಿಡಬೇಕಿತ್ತು, ಭಾಯ್. ಬಿಡಲಿಲ್ಲ." ಆಗ ಅವಳಿಗೆ ಅಳು ಬಂತು. ದಶರಥ ಮಡಿಕೆಯಿಂದ ಬಲಗೈ ತೆಗೆದು ಅವಳ ತಲೆಯ ಮೇಲೆ ಇಟ್ಟ.

ಒಳಗೆ ಬುದ್ಧಂ ಶರಣಂ ಎಂದು ತ್ರಿಶರಣ ಹೇಳತೊಡಗಿದರು. ಎಲ್ಲರೂ ಎದ್ದು ನಿಂತರು. ಅದು ಮುಗಿದ ಮೇಲೆ ಚಟ್ಟವನ್ನು ಅಂಗಳಕ್ಕೆ ತಂದರು.

"ಮುಂದ ಕಪಿಲ ಹಿಡೀಲಿ, ಜೋಡಿಗೆ ದಶರಥ," ಎಂದ ಭಾಗಣ್ಣ. "ಹಿಂದ ನಾನು ಹಿಡೀತೀನಿ."

"ಹಿಂದ ಇನ್ನೊಂದು ಕಡಿ ನಾನು ಹಿಡೀತೀನಿ," ಎಂದಳು ಸುಮಂಗಲಾ. ಭಾಗಣ್ಣ ಅವಳನ್ನು ನೋಡಿ, ಹ್ಞೂಂ ಎಂದ.

ದಶರಥ ಬಗ್ಗಿ ಬಿದಿರು ಹಿಡಿದ. ಅರ್ಧ ಎತ್ತುವಷ್ಟರಲ್ಲಿ ಕೆಮ್ಮು ಹತ್ತಿತು. ಚಟ್ಟವನ್ನು ಮತ್ತೆ ಕೆಳಗಿಟ್ಟರು. ಅವನು ಮೊಣಕಾಲ ಮೇಲೆ ಕೈಯೂರಿ ಉಸಿರಿಗಾಗಿ ಒದ್ದಾಡಿದ. ಎರಡು ಮೂರು ಜನ ಗಂಡಸರು ಮುಂದೆ ಬಂದರು. ಅವನು ಕೈಯಿಂದಲೇ ಅವರನ್ನು ತಡೆದ.

"ತಂಗಿ," ಎಂದ, "ನನ್ನ ಜಾಗಾ ನೀ ಹಿಡಿ."

ಗುಂಪಿನಲ್ಲಿ ಗುಸುಗುಸು ಎದ್ದಿತು. "ನಾಳಿ ಆಕಿ ಮಂದಿ ಆಕಿಗೆ ಏನರ ಅಂದಾರು, ದಶರಥ," ಎಂದು ಭಾಗಣ್ಣ ತಗ್ಗಿದ ದನಿಯಲ್ಲಿ ಹೇಳಿದ. "ವಿಚಾರ ಮಾಡು."

"ಅಂದ್ರ ನಾ ಮಾತಾಡ್ತೀನಿ ಅವರ ಜೋಡಿ," ಎಂದಳು ಸರ್ವರಬೇಗಂ. ಚೀಲವನ್ನು ಕಟ್ಟೆಯ ಮೇಲಿಟ್ಟು, ಬುರ್ಖಾದ ತೋಳು ಮೇಲೆ ಸರಿಸಿ, ಮುಂದೆ ಬಂದಳು.

ನಾಲ್ವರೂ ಬಗ್ಗಿ ಎತ್ತಿದರು. ಚಟ್ಟ ಹೆಗಲಿಗೇರಿತು. ಆದರೆ ಕಪಿಲ ಎತ್ತರದವನು, ಸರ್ವರಬೇಗಂ ಅವನ ಹೆಗಲಿನ ಮಟ್ಟಕ್ಕಷ್ಟೇ ಬರುತ್ತಿದ್ದಳು. ಚಟ್ಟ ಅವಳ ಕಡೆಗೆ ವಾಲಿತು. ಹೂವಿನ ಸರವೊಂದು ಜಾರಿ ಅವಳ ತೋಳಿನ ಮೇಲೆ ಬಿತ್ತು. ಅವಳು ತುದಿಗಾಲ ಮೇಲೆ ನಿಂತಳು.

"ಸಾವಕಾಶ, ಖಾಲಾ," ಎಂದ ಕಪಿಲ, ಮೌಶಿಯನ್ನು ಅವಳ ಉರ್ದುವಿನಲ್ಲೇ ಕರೆದು.

ಅವನು ಮೊಣಕಾಲು ಮಡಿಚಿ ಕುಗ್ಗಿದ. ಹಿಂದೆ ಸುಮಂಗಲಾ ಕುಗ್ಗಿದಳು, ಅವಳನ್ನು ನೋಡಿ ಭಾಗಣ್ಣನೂ ಕುಗ್ಗಿದ. ಚಟ್ಟ ಸಮನಾಯಿತು. ಸರ್ವರಬೇಗಂಳ ಹಿಮ್ಮಡಿ ನೆಲ ಮುಟ್ಟಿತು. ಮೂವರೂ ಹಾಗೇ ನಡು ಬಗ್ಗಿಸಿಕೊಂಡು, ಅವಳ ಎತ್ತರಕ್ಕೆ ಇಳಿದು, ಅವಳ ಸಣ್ಣ ಹೆಜ್ಜೆಗೆ ಹೆಜ್ಜೆ ಹಾಕುತ್ತ, ಕಲ್ಲು ಹಾಸಿದ ಓಣಿಯಲ್ಲಿ ನಡೆದರು.